ಎಂಟು ದಿನಕ್ಕೊಮ್ಮೆ ನೀರು ಬರುವ ಮನೆಯಲ್ಲಿ ಸಂಪು, ಟ್ಯಾಂಕ್, ಪೈಪು ತೊಳೆಯುವುದು ಹೇಗೆ? ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಹೋದ ವರ್ಷ ನಮ್ಮ ಬಚ್ಚಲಿನ ನಳದಲ್ಲಿ ನೀರು ಸಣ್ಣಗೆ ಬರತೊಡಗಿತ್ತು. ಪ್ಲಂಬರ್ ಬಂದು ಗೋಡೆ ಒಡೆದು, ಒಂದು ಗೇಣು ಹಳೇ ಕಬ್ಬಿಣದ ಪೈಪು ಕೊಯ್ದು ನನ್ನ ಕೈಗೆ ಕೊಟ್ಟರು. ಒಳಗೆ ನೋಡಿದೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಕಿರುಬೆರಳು ಹೋಗುವಷ್ಟೇ ಜಾಗ ಉಳಿದಿತ್ತು. ಸುತ್ತ ತುಕ್ಕಿನ ಗಂಟುಗಳು. ಅದರ ಮೇಲೆ ಕಂದು ಬಣ್ಣದ ಪದರ. ಬೆರಳಿಂದ ಮುಟ್ಟಿದರೆ ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಎಳೆಯಾಗಿ ಬಂತು. ಮೂಸಿದರೆ ಹಳೇ ಕೆರೆಯ ವಾಸನೆ.

ಅದಕ್ಕೆ ಮೂರು ವಾರ ಮೊದಲಷ್ಟೇ ನಾವು ದುಡ್ಡು ಕೊಟ್ಟು ಟ್ಯಾಂಕ್ ತೊಳೆಸಿದ್ದೆವು. ಟ್ಯಾಂಕ್ ಒಳಗೆ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಆದರೆ ಆ ಸ್ವಚ್ಛ ಟ್ಯಾಂಕಿನ ನೀರು ಈ ಲೋಳೆಯನ್ನು ದಾಟಿಕೊಂಡೇ ನಮ್ಮ ಹಲ್ಲುಜ್ಜುವ ಲೋಟಕ್ಕೆ ಬರುತ್ತಿತ್ತು.

ನಮ್ಮ ಸಂಬಂಧಿಕರ ಹುಡುಗನೊಬ್ಬ ಗೋವಾದಲ್ಲಿ ಹಾಯಿದೋಣಿಯ ಮೇಲೆ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಬಂದಾಗ ಅವನಿಗೆ ಇದನ್ನು ಹೇಳಿದೆ. ಅವನು ಕೇಳಿದ ಮೊದಲ ಪ್ರಶ್ನೆ: "ಟ್ಯಾಂಕ್ ತೊಳೆದ್ರಿ, ಲೈನ್ ತೊಳೆದ್ರೇನು?" ದೋಣಿಯಲ್ಲೂ ಸಿಹಿನೀರು ಎಂದರೆ ತೊಟ್ಟಿಯಲ್ಲಿ ಇದ್ದಷ್ಟೇ. ಮತ್ತೆ ದಡಕ್ಕೆ ಬಂದು ತುಂಬಿಸುವ ತನಕ ಅದೇ ನೀರು. ದಿನಗಟ್ಟಲೆ ನಿಂತ ನೀರು, ಬೆಚ್ಚಗಿನ ಜಾಗ, ಉದ್ದುದ್ದ ಪೈಪು. ಹಾಗಾಗಿ ಅವರು ತೊಟ್ಟಿಗೆ ಕ್ಲೋರಿನ್ ನೀರು ಹಾಕಿ, ಒಂದೊಂದೇ ನಳ ಬಿಟ್ಟು, ವಾಸನೆ ಬರುವ ತನಕ ಹರಿಸಿ, ನಳ ಮುಚ್ಚಿ ಕೆಲವು ಗಂಟೆ ಹಾಗೇ ಬಿಡುತ್ತಾರೆ. ಆಮೇಲೆ ಹೊಸ ನೀರಿನಿಂದ ತೊಳೆಯುತ್ತಾರೆ.

ಎಂಟು ದಿನಕ್ಕೊಮ್ಮೆ ನೀರು ಕಾಣುವ ನಮ್ಮ ಮನೆಯೂ ಒಂದು ರೀತಿ ಹಾಗೇ ಅಲ್ವಾ? ಅವನ ವಿಧಾನವನ್ನೇ ನಮ್ಮ ಸಂಪು, ಟ್ಯಾಂಕಿಗೆ ಹೊಂದಿಸಿಕೊಂಡು ಮಾಡಿದೆ. ಈಗ ವರ್ಷಕ್ಕೆ ಎರಡು ಸಲ ಮಾಡುತ್ತೇವೆ. ನೀರು ಜಾಸ್ತಿ ಪೋಲಾಗದಂತೆ ಮಾಡುವುದು ಹೇಗೆ ಎಂಬುದನ್ನೂ ಕೆಳಗೆ ಬರೆದಿದ್ದೇನೆ.

ಹೊಲಸು ಬರುವುದು ಎಲ್ಲಿಂದ?

ನಮ್ಮ ಊರಿಗೆ ನೀರು ಬರುವುದು ಮುಖ್ಯವಾಗಿ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ತಡೆದ ಮಲಪ್ರಭೆಯಿಂದ. ಅಮ್ಮಿನಬಾವಿಯಲ್ಲಿ ಅದನ್ನು ಶುದ್ಧ ಮಾಡಿ, ಕ್ಲೋರಿನ್ ಹಾಕಿ ಬಿಡುತ್ತಾರೆ. ಅಲ್ಲಿಂದ ಹೊರಟಾಗ ನೀರು ಚೆನ್ನಾಗಿಯೇ ಇರುತ್ತದೆ. ಕೆಡುವುದು ದಾರಿಯಲ್ಲಿ.

ನೀರು ಬಿಟ್ಟಾಗ ಪೈಪಿನಲ್ಲಿ ಒತ್ತಡ ಇರುತ್ತದೆ, ಸಂದಿ ಇದ್ದರೆ ನೀರು ಹೊರಗೆ ಹೋಗುತ್ತದೆ. ನೀರು ನಿಂತ ಮೇಲೆ ಪೈಪು ಖಾಲಿ. ಆಗ ಅದೇ ಸಂದಿಯಿಂದ ಹೊರಗಿನದು ಒಳಗೆ ಬರುತ್ತದೆ. ಪಕ್ಕದಲ್ಲೇ ಗಟಾರ ಇದ್ದರೆ ಗಟಾರದ್ದೇ. 2008ರಿಂದ ನಮ್ಮ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಕೊಡುವ ಯೋಜನೆ ಶುರುವಾಯಿತಲ್ಲ, ಆ ವಾರ್ಡುಗಳನ್ನೂ ಉಳಿದ ವಾರ್ಡುಗಳನ್ನೂ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದವರು ಹೋಲಿಸಿ ನೋಡಿದರು. ದಿನ ಬಿಟ್ಟು ದಿನ, ವಾರ ಬಿಟ್ಟು ವಾರ ನೀರು ಬರುವ ಕಡೆ ರೋಗಾಣುವಿನ ಗುರುತು ಜಾಸ್ತಿ ಸಿಕ್ಕಿತು. ಅದರಲ್ಲೂ ನೀರು ಬಿಟ್ಟ ಮೊದಲ ಹೊತ್ತಿನಲ್ಲಿ ಮತ್ತು ಒತ್ತಡ ಕಡಿಮೆ ಇದ್ದಾಗ.

ಹಾಗಾಗಿ ಮೊದಲ ನೀರನ್ನು ಸಂಪಿಗೆ ಬಿಡಬೇಡಿ. ಈ ಬರಹದಲ್ಲಿ ನೀವು ಒಂದನ್ನೇ ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ. ಸಂಪಿಗೆ ಹೋಗುವ ಪೈಪಿಗೆ ಮೊದಲೇ ಒಂದು ಟಿ (ಪೈಪು ಕವಲೊಡೆಸುವ ಜೋಡಣೆ) ಮತ್ತು ನಳ ಕೂರಿಸಿ. ನೀರು ಬಂದ ಕೂಡಲೇ ಆ ನಳ ಬಿಟ್ಟು, ಬಕೆಟ್ಟಿನ ತಳ ಸ್ಪಷ್ಟವಾಗಿ ಕಾಣುವ ತನಕ ಹೊರಗೆ ಹಿಡಿಯಿರಿ. ನಮ್ಮಲ್ಲಿ 10 ನಿಮಿಷ ಬೇಕಾಗುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆ ನೀರು ಅಂಗಳ ತೊಳೆಯಲು, ಗಿಡಕ್ಕೆ ಆಗುತ್ತದೆ. ಚೆಲ್ಲಬೇಕಿಲ್ಲ.

ಇನ್ನೊಂದು ನಮ್ಮ ಕಡೆಯ ನಳದ ಗುಂಡಿ. ಒತ್ತಡ ಸಾಲದೆ ಎಷ್ಟೋ ಮನೆಯವರು ಮನೆ ಮುಂದೆ ಗುಂಡಿ ತೋಡಿ, ಅದರೊಳಗೆ ತಗ್ಗಿನಲ್ಲಿ ನಳ ಇಟ್ಟುಕೊಂಡಿರುತ್ತಾರೆ. ಮಳೆ ಬಂದರೆ ಗುಂಡಿ ತುಂಬಿ ನಳದ ಬಾಯಿ ರಾಡಿಯಲ್ಲಿ ಮುಳುಗುತ್ತದೆ. ನೀರು ನಿಂತ ಮೇಲೆ ಆ ರಾಡಿಯೇ ಪೈಪಿನೊಳಗೆ ಎಳೆದುಕೊಂಡು ಹೋಗುತ್ತದೆ. ಗುಂಡಿಗೆ ಮುಚ್ಚಳ ಹಾಕಿ, ಸುತ್ತ ನಾಲ್ಕು ಇಂಚು ಕಟ್ಟೆ ಕಟ್ಟಿ, ನಳಕ್ಕೆ ಬಿಗಿಯಾದ ಕ್ಯಾಪ್ ಹಾಕಿ. ಮುಖ್ಯ ಲೈನಿಗೇ ಮೋಟರ್ ಹಚ್ಚಿ ಎಳೆಯುವುದನ್ನಂತೂ ಮಾಡಲೇಬೇಡಿ. ಮೋಟರ್ ಎಳೆದಾಗ ಓಣಿಯ ಎಲ್ಲ ಸಂದಿಗಳಿಂದಲೂ ಹೊಲಸು ಒಳಗೆ ಬರುತ್ತದೆ. ಕೆಡುವುದು ನಿಮ್ಮ ನೀರಷ್ಟೇ ಅಲ್ಲ, ಪಕ್ಕದ ಮನೆಯ ಕೂಸು ಕುಡಿಯುವ ನೀರೂ ಕೆಡುತ್ತದೆ.

ಯಾವಾಗ ಮಾಡಬೇಕು?

ವರ್ಷಕ್ಕೆ ಎರಡು ಸಲ. ಒಂದು, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮೊದಲಿನ ವಾರ. ಆ ದಿನ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಹಿಂಡ್ಲಿ ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತೇವಲ್ಲ, ಆ ಹಂಡೆಗೆ ನೀರು ಕೊಡುವ ಸಂಪು, ಪೈಪು ಕೂಡ ಆ ಹೊತ್ತಿಗೆ ಶುದ್ಧ ಆಗಿರಲಿ. ಮಳೆಗಾಲದ ಕೆಂಪು ರಾಡಿ ಎಲ್ಲ ಸಂಪಿನ ತಳಕ್ಕೆ ಕೂತಿರುವ ಸಮಯವೂ ಅದೇ. ಎರಡನೆಯದು ಯುಗಾದಿಯ ಆಸುಪಾಸು, ಬಿಸಿಲು ಏರುವ ಮೊದಲು. ಏಪ್ರಿಲ್ ಮೇ ಬಿಸಿಲಿಗೆ ಮಾಳಿಗೆ ಮೇಲಿನ ಟ್ಯಾಂಕ್ ಕಾದು, ಕ್ಲೋರಿನ್ ಬೇಗ ಹಾರಿಹೋಗುತ್ತದೆ, ಲೋಳೆ ಬೇಗ ಬೆಳೆಯುತ್ತದೆ.

ದಿನ ಆರಿಸುವಾಗ, ನೀರು ಬರುವ ದಿನದ ಹಿಂದಿನ ದಿನ ಹಿಡಿಯಿರಿ. ಸಂಪು ತಳ ಮುಟ್ಟಿರುತ್ತದೆ, ಚೆಲ್ಲುವ ನೀರು ಕಡಿಮೆ. ಮರುದಿನ ಹೊಸ ನೀರು ಬರುತ್ತದೆ.

ಬೇಕಾಗುವ ಸಾಮಾನು ಮತ್ತು ಲೆಕ್ಕ

ಉದ್ದ ಹಿಡಿಯ ನೈಲಾನ್ ಬ್ರಷ್, ಹಳೇ ಅರಿವೆ, ಸ್ಪಂಜು, ಎರಡು ಬಕೆಟ್, 200 ಲೀಟರಿನ ಒಂದು ಬ್ಯಾರಲ್, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಬ್ಲೀಚಿಂಗ್ ಪೌಡರ್, ಅದನ್ನು ತೂಗಲು ಅಡುಗೆಮನೆಯ ಸಣ್ಣ ತಕ್ಕಡಿ. ಪ್ಲಾಸ್ಟಿಕ್ ಟ್ಯಾಂಕಿಗೆ ತಂತಿ ಬ್ರಷ್ ಬೇಡ. ಗೀರು ಬಿದ್ದರೆ ಲೋಳೆ ಅಲ್ಲೇ ಮನೆ ಮಾಡುತ್ತದೆ. ಸೋಪು, ಡಿಟರ್ಜೆಂಟ್ ಕೂಡ ಬೇಡ.

ಬ್ಲೀಚಿಂಗ್ ಪೌಡರ್ ಹೊಸದಿರಲಿ. ಬಾಯಿ ತೆರೆದಿಟ್ಟ ಚೀಲದ್ದು ಶಕ್ತಿ ಕಳೆದುಕೊಂಡಿರುತ್ತದೆ. ಗಂಟು ಕಟ್ಟಿದ, ವಾಸನೆ ಹೋದ ಪುಡಿ ಬರೀ ಸುಣ್ಣ ಇದ್ದ ಹಾಗೆ. ಒಳ್ಳೆಯ ಪುಡಿಯಲ್ಲಿ ಕಾಲು ಭಾಗ, ಅಂದರೆ ಶೇ 25ರಷ್ಟು, ಕೆಲಸಕ್ಕೆ ಬರುವ ಕ್ಲೋರಿನ್ ಇರುತ್ತದೆ ಎಂದು ಹಿಡಿಯಿರಿ. ಪೈಪು ಶುದ್ಧ ಮಾಡಲು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಸಾಕು. ಹಾಗಾದರೆ 100 ಲೀಟರ್ ನೀರಿಗೆ 20 ಗ್ರಾಂ ಪುಡಿ. ದ್ರವ ಹೈಪೋಕ್ಲೋರೈಟ್ (ನೀರಿನ ರೂಪದ ಬ್ಲೀಚ್) ಬಳಸುವುದಾದರೆ, ಶೇ 5ರದ್ದು 100 ಲೀಟರಿಗೆ 100 ಮಿಲಿ, ಶೇ 10ರದ್ದು 50 ಮಿಲಿ. ಸುವಾಸನೆ ಬೆರೆಸಿದ ಬ್ಲೀಚ್ ಬೇಡ.

ಗೋಡೆಗೆ ಬಳಿಯುವ ನೀರು ಇದಕ್ಕಿಂತ ನಾಲ್ಕು ಪಟ್ಟು ಗಟ್ಟಿ ಇರಬೇಕು: 10 ಲೀಟರ್ ಬಕೆಟ್ಟಿಗೆ 8 ಗ್ರಾಂ ಪುಡಿ.

ಪುಡಿಯನ್ನು ಹಾಗೇ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹಾಗೆ ಕಲಸಿ. ಆಮೇಲೆ ಬಕೆಟ್ ತುಂಬ ನೀರು ಹಾಕಿ ಅರ್ಧ ಗಂಟೆ ಬಿಡಿ. ಸುಣ್ಣ ಎಲ್ಲ ಕೆಳಗೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಬಳಸಿ. ಇದನ್ನು ಬಯಲಿನಲ್ಲಿ ಮಾಡಿ, ಬಚ್ಚಲಿನಲ್ಲಿ ಬೇಡ.

ಎಷ್ಟು ನೀರು ಬೇಕು? ಇಲ್ಲಿ ಬಹಳ ಜನ ಹೆದರಿ ಕೈಬಿಡುತ್ತಾರೆ. 1000 ಲೀಟರ್ ಟ್ಯಾಂಕ್ ತುಂಬ ಕ್ಲೋರಿನ್ ನೀರು ಮಾಡಿ ಚೆಲ್ಲಲು ನಮ್ಮ ಊರಲ್ಲಿ ಯಾರಿಗೆ ಮನಸ್ಸು ಬರುತ್ತದೆ? ಆದರೆ ಪೈಪಿನ ಲೆಕ್ಕ ಬೇರೆ. ಮುಕ್ಕಾಲು ಇಂಚಿನ ಪೈಪು ಒಂದು ಮೀಟರಿಗೆ ಸುಮಾರು ಮೂರನೇ ಒಂದು ಲೀಟರ್ ನೀರು ಹಿಡಿಯುತ್ತದೆ. ಇಡೀ ಮನೆಯಲ್ಲಿ 60 ಮೀಟರ್ ಪೈಪು ಇದ್ದರೂ 20 ಲೀಟರ್ ಆಯಿತು, ಅಷ್ಟೇ. ಟ್ಯಾಂಕಿನ ತಳದಲ್ಲಿ ನಿಂತೇಬಿಡುವ ನೀರು, ಮೋಟರ್ ಪೈಪಿನ ನೀರು ಎಲ್ಲ ಸೇರಿಸಿ 300 ಲೀಟರ್ ಇದ್ದರೆ ಧಾರಾಳ. ಆ 300 ಲೀಟರಿಗೆ 60 ಗ್ರಾಂ ಪುಡಿ.

ಈ 300 ಲೀಟರನ್ನು ಸಂಪು ಖಾಲಿ ಮಾಡುವ ಮೊದಲೇ ಬ್ಯಾರಲ್, ಬಕೆಟ್ಟು, ಮನೆಯಲ್ಲಿರುವ ಬೇರೆ ಪಾತ್ರೆಗಳಲ್ಲಿ ಎತ್ತಿಡಿ. ಮೇಲಿನ ತಿಳಿ ನೀರನ್ನೇ ಎತ್ತಿಡಿ. ರಾಡಿ ಇದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತದೆ. ಕುಡಿಯಲು, ಅಡುಗೆಗೆ ಎರಡು ದಿನಕ್ಕಾಗುವಷ್ಟು ನೀರು ಕೊಡದಲ್ಲಿ ಬೇರೆಯೇ ಇರಲಿ.

ಸಂಪು: ಇಲ್ಲಿ ಅವಸರ ಬೇಡ

ಸಂಪು ತೊಳೆಯಲು ಇಳಿದವರು ಮೇಲೆ ಬಾರದೇ ಹೋದ ಸುದ್ದಿ ನಾವೆಲ್ಲ ಓದಿದ್ದೇವೆ. ಅವರನ್ನು ಎತ್ತಲು ಇಳಿದವರೂ ಹಾಗೇ ಹೋಗಿರುತ್ತಾರೆ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿ ಕಡಿಮೆಯಾಗಿರುತ್ತದೆ. ರಾಡಿ ಕೊಳೆತಿದ್ದರೆ ವಿಷಗಾಳಿಯೂ ಇರುತ್ತದೆ. ದೀಪ ಇಳಿಸಿ ನೋಡುವ ಹಳೇ ಪದ್ಧತಿಯನ್ನು ನಂಬಬೇಡಿ. ದೀಪ ಉರಿದರೂ ವಿಷಗಾಳಿ ಇರಬಹುದು, ಉರಿಯುವ ಗಾಳಿ ಇದ್ದರೆ ದೀಪವೇ ಅಪಾಯ.

ನನ್ನ ಸಲಹೆ: ಸಾಧ್ಯವಾದಷ್ಟೂ ಇಳಿಯದೆಯೇ ತೊಳೆಯಿರಿ. ಮನೆಯ ಸಂಪು ಐದು ಅಡಿ ಆಳ ಇರುತ್ತದೆ. ಉದ್ದ ಕೋಲಿನ ಬ್ರಷ್ಷಿನಿಂದ ಮೇಲಿಂದಲೇ ಮುಕ್ಕಾಲು ಪಾಲು ಆಗುತ್ತದೆ. ಇಳಿಯಲೇಬೇಕಾದರೆ ಈ ಕೆಲಸ ಗೊತ್ತಿರುವವರನ್ನು, ಗಾಳಿ ಪರೀಕ್ಷೆಯ ಸಲಕರಣೆ ಇರುವವರನ್ನೇ ಕರೆಸಿ. ಆಗಲೂ ಹಿಂದಿನ ದಿನದಿಂದ ಮುಚ್ಚಳ ತೆಗೆದು, ಮಕ್ಕಳು ಬೀಳದಂತೆ ಜಾಳಿಗೆ ಹಾಕಿ ಗಾಳಿಯಾಡಲು ಬಿಡಿ. ಫ್ಯಾನಿನಿಂದ ಗಾಳಿ ಊದಿಸಿ. ಮೋಟರಿನ ಸ್ವಿಚ್ ಅಷ್ಟೇ ಅಲ್ಲ, ಪ್ಲಗ್ಗೇ ಕಿತ್ತಿಡಿ. ಸೊಂಟಕ್ಕೆ ಹಗ್ಗ, ಮೇಲೆ ಕಾಯಲು ಇಬ್ಬರು. ಒಳಗಿದ್ದವರು ತಲೆ ಸುತ್ತಿ ಬಿದ್ದರೆ ನೀವು ಜಿಗಿಯಬೇಡಿ. ಹಗ್ಗ ಎಳೆಯಿರಿ, 112ಕ್ಕೆ ಫೋನ್ ಮಾಡಿ. ಪೆಟ್ರೋಲ್ ಪಂಪನ್ನು ಸಂಪಿನೊಳಗೆ ಅಥವಾ ಬಾಯಿ ಹತ್ತಿರ ಓಡಿಸಬೇಡಿ. ಬ್ಲೀಚಿಂಗ್ ನೀರು ಹಾಕಿದ ಮೇಲೆ ಯಾರೂ ಇಳಿಯಬಾರದು. ಫಿನಾಯಿಲ್, ಆಸಿಡ್, ಟಾಯ್ಲೆಟ್ ತೊಳೆಯುವ ದ್ರವ ಇವನ್ನು ಬ್ಲೀಚಿಂಗ್ ಹತ್ತಿರವೂ ತರಬೇಡಿ. ಆಸಿಡ್ ಮತ್ತು ಬ್ಲೀಚಿಂಗ್ ಸೇರಿದರೆ ಎದೆ ಹಿಡಿಯುವ ಕ್ಲೋರಿನ್ ಗಾಳಿ ಏಳುತ್ತದೆ.

ಈಗ ಕೆಲಸ. ಉಳಿದ ನೀರಿನಲ್ಲೇ ಗೋಡೆ ತಿಕ್ಕಿ. ಬೇರೆ ನೀರು ಬೇಕಿಲ್ಲ. ನೀರಿನ ಗೆರೆ ಇರುವ ಜಾಗವನ್ನು ಚೆನ್ನಾಗಿ ತಿಕ್ಕಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನೀರಿನಲ್ಲಿ ಅಲ್ಲ, ನೀರಿನ ಅಂಚಿನ ಗೋಡೆಯ ಮೇಲೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ನೀರು ಮುಟ್ಟಿದ ಕೂಡಲೇ ಮರಿಯಾಗುತ್ತದೆ. ಸುಮ್ನೆ ನೀರು ಚೆಲ್ಲಿದರೆ ಅದು ಹೋಗುವುದಿಲ್ಲ, ತಿಕ್ಕಲೇಬೇಕು.

ರಾಡಿ ನೀರನ್ನು ಮನೆಯ ಮೋಟರಿನಿಂದ ಎತ್ತಬೇಡಿ. ಎತ್ತಿದರೆ ಆ ರಾಡಿಯೆಲ್ಲ ಟ್ಯಾಂಕಿಗೆ ಹೋಗುವ ಪೈಪಿಗೇ ತುಂಬುತ್ತದೆ. ಬಾಡಿಗೆ ಪಂಪು ತನ್ನಿ, ಇಲ್ಲವೇ ಹಗ್ಗ ಕಟ್ಟಿದ ಬಕೆಟ್ಟಿನಿಂದ ಎತ್ತಿ. ಕೊನೆಯ ರಾಡಿಯನ್ನು ಕೋಲಿಗೆ ಅರಿವೆ ಕಟ್ಟಿ ಒರೆಸಿ ತೆಗೆಯಿರಿ.

ಖಾಲಿಯಾದಾಗ ಬ್ಯಾಟರಿ ಬೆಳಕು ಹಾಕಿ ಗೋಡೆ ನೋಡಿ. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಗದಗ ಕಡೆಗೆಲ್ಲ ಎರಿ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರೊಳಗೆ ಕೂತ ಸಂಪಿನ ಗಚ್ಚೂ ಅದರ ಜೊತೆಗೆ ಸೀಳುತ್ತದೆ. ಖಾಲಿ ಸಂಪಿನ ಗೋಡೆಯಲ್ಲಿ ಒಂದು ಕಡೆ ಮಾತ್ರ ಒಸರುತ್ತಿದ್ದರೆ ಅಲ್ಲಿಂದ ಹೊರಗಿನ ನೀರು ಬರುತ್ತಿದೆ ಎಂದೇ ಅರ್ಥ. ಮರುದಿನ ಸಂಪು ತುಂಬಿದ ಮೇಲೆ ಇನ್ನೊಂದು ಪರೀಕ್ಷೆ ಮಾಡಿ. ನೀರಿನ ಮಟ್ಟಕ್ಕೆ ಚಾಕ್ ಗೆರೆ ಎಳೆದು, ರಾತ್ರಿಯಿಡೀ ಮೋಟರ್ ಹಾಕದೆ ಬಿಟ್ಟು, ಬೆಳಿಗ್ಗೆ ನೋಡಿ. ಇಳಿದಿದ್ದರೆ ಸೋರಿಕೆ ಇದೆ. ನೀರು ಹೊರಗೆ ಹೋಗುವ ದಾರಿಯಿಂದಲೇ ಹೊಲಸು ಒಳಗೆ ಬರುತ್ತದೆ. ಅದನ್ನು ಮುಚ್ಚಿಸದೆ ಎಷ್ಟು ತೊಳೆದರೂ ಪ್ರಯೋಜನ ಇಲ್ಲ.

ಕೊನೆಗೆ ಗಟ್ಟಿ ಕ್ಲೋರಿನ್ ನೀರನ್ನು ಮೇಲಿಂದಲೇ ಬ್ರಷ್ಷಿನಿಂದ ಗೋಡೆಗೆ ಬಳಿಯಿರಿ. ಎರಡು ಬಕೆಟ್ ಸಾಕು. ಅರ್ಧ ಗಂಟೆ ಬಿಡಿ.

ಮಾಳಿಗೆ ಮೇಲಿನ ಟ್ಯಾಂಕ್

ಮೊದಲು ಟ್ಯಾಂಕಿನಿಂದ ಮನೆಗೆ ಇಳಿಯುವ ಗೇಟ್ ವಾಲ್ವ್ ಮುಚ್ಚಿ. ಇದನ್ನು ಮರೆತರೆ ತಿಕ್ಕಿದ ಹೊಲಸೆಲ್ಲ ಪೈಪಿಗೆ ಇಳಿಯುತ್ತದೆ. ನಮ್ಮ ಮನೆ ಟ್ಯಾಂಕ್ ತೊಳೆದವರು ಹೀಗೇ ಮಾಡಿದ್ದರು ಎಂದು ನನಗೆ ಆಮೇಲೆ ಹೊಳೆಯಿತು. ವಾಲ್ವ್ ಬಿಗಿ ಹಿಡಿದಿದ್ದರೆ ಜೋರು ಮಾಡಬೇಡಿ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ತಿರುಗಿಸಿ.

ಉಳಿದದ್ದು ಸರಳ. ತಿಕ್ಕಿ, ತಳದ ಡ್ರೈನ್ ತೆಗೆದು ಬಿಡಿ, ಸ್ಪಂಜಿನಿಂದ ಒರೆಸಿ, ಗಟ್ಟಿ ಕ್ಲೋರಿನ್ ನೀರು ಬಳಿಯಿರಿ. ಮುಚ್ಚಳದ ಒಳಮೈ ಮರೆಯಬೇಡಿ, ಪಾಚಿ ಅಲ್ಲಿಂದಲೇ ಶುರುವಾಗುತ್ತದೆ. ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ.

ಪೈಪುಗಳು

ಮೊದಲು ಮುಚ್ಚಬೇಕಾದ್ದನ್ನು ಮುಚ್ಚಿ. ಆರ್‌ಒ ಫಿಲ್ಟರಿನ ನಳ ಬಂದ್ ಮಾಡಿ. ಕ್ಲೋರಿನ್ ತಗುಲಿದರೆ ಅದರ ಮೆಂಬ್ರೇನ್ ಹಾಳಾಗುತ್ತದೆ. ನೀರು ಮೆದು ಮಾಡುವ ಸಾಫ್ಟನರ್ ಇದ್ದರೆ ಅದನ್ನೂ ಮುಚ್ಚಿ. ಗೀಸರ್, ಸೋಲಾರ್‌ಗೆ ಹೋಗುವ ವಾಲ್ವ್ ಮುಚ್ಚಿ. ಅವುಗಳ ವಿಷಯ ಮುಂದೆ ಹೇಳುತ್ತೇನೆ.

ಆಮೇಲೆ ಎಲ್ಲ ನಳದ ತುದಿಯ ಜಾಲರಿ, ಶವರಿನ ತಲೆ ಬಿಚ್ಚಿ. ನಮ್ಮ ಅಡುಗೆಮನೆಯ ನಳದ ಜಾಲರಿ ಬಿಚ್ಚಿದಾಗ ಒಳಗಿಂದ ಮರಳು, ತುಕ್ಕಿನ ಚೂರು, ಮತ್ತೆ ಅದೇ ಕಂದು ಲೋಳೆ ಬಂತು. ಒಂದು ಚಮಚ ಆಗಿತ್ತು. ಬಿಳಿ ಉಪ್ಪು ಕಟ್ಟಿದ್ದರೆ ಲಿಂಬೆರಸ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ, ಬ್ಲೀಚಿಂಗ್‌ನಿಂದ ದೂರ. ವಾಷಿಂಗ್ ಮಷೀನಿಗೆ ನೀರು ಹೋಗುವ ಕಡೆಯೂ ಇಂಥದ್ದೇ ಜಾಲರಿ ಇದೆ.

ಈಗ ಎತ್ತಿಟ್ಟ 300 ಲೀಟರ್ ನೀರನ್ನು ಸಂಪಿಗೇ ಸುರಿಯಿರಿ. 60 ಗ್ರಾಂ ಪುಡಿಯ ತಿಳಿ ಸೇರಿಸಿ, ಕೋಲಿನಿಂದ ಕಲಕಿ. ನೇರವಾಗಿ ಟ್ಯಾಂಕಿಗೆ ಯಾಕೆ ಹಾಕಬಾರದು? ಹಾಕಿದರೆ ಮೋಟರ್, ಫುಟ್ ವಾಲ್ವ್ (ಸಂಪಿನ ತಳದಲ್ಲಿ ಮೋಟರ್ ನೀರು ಎಳೆಯುವ ಪೈಪಿನ ಬಾಯಿ), ಮೇಲೇರುವ ಪೈಪು ತೊಳೆಯದೆ ಉಳಿಯುತ್ತವೆ. ಸಂಪಿನಿಂದ ಎತ್ತಿದರೆ ಅವೂ ಆಗುತ್ತವೆ. ನಮ್ಮ ಸಂಪಿನ ಮೂಲೆಯಲ್ಲಿ ಗುಂಡಿ ಇದೆ, ಫುಟ್ ವಾಲ್ವ್ ಅದರಲ್ಲಿ ಮುಳುಗುತ್ತದೆ, 300 ಲೀಟರಿನಲ್ಲೇ ಮುಗಿಯಿತು. ಗುಂಡಿ ಇಲ್ಲದಿದ್ದರೆ 500 ಬೇಕಾಗಬಹುದು. ಪುಡಿಯ ಲೆಕ್ಕ ಅದೇ, 100ಕ್ಕೆ 20 ಗ್ರಾಂ. ಮೋಟರ್ ಗಾಳಿ ಎಳೆಯತೊಡಗಿದ ಕೂಡಲೇ ಬಂದ್ ಮಾಡಿ. ತಳದಲ್ಲಿ ಉಳಿದ ಸ್ವಲ್ಪ ಕ್ಲೋರಿನ್ ನೀರಿನ ಚಿಂತೆ ಬೇಡ. 50 ಲೀಟರ್ ಉಳಿದರೂ, ಮರುದಿನ 4000 ಲೀಟರ್ ಹೊಸ ನೀರು ಬಿದ್ದರೆ ಅದು ಲೀಟರಿಗೆ 0.6 ಮಿಲಿಗ್ರಾಂಗೆ ಇಳಿಯುತ್ತದೆ. ಅದು ಕುಡಿಯುವ ನೀರಿನಲ್ಲಿ ಇರಬಹುದಾದ ಪ್ರಮಾಣವೇ.

ಟ್ಯಾಂಕಿಗೆ ನೀರು ಏರಿದ ಮೇಲೆ ಗೇಟ್ ವಾಲ್ವ್ ಬಿಡಿ. ಟ್ಯಾಂಕಿಗೆ ಹತ್ತಿರದ ನಳದಿಂದ ಶುರು ಮಾಡಿ ದೂರದ ನಳದ ತನಕ ಒಂದೊಂದೇ ತೆರೆಯಿರಿ. ಮೊದಲು ಹಳೇ ನೀರು ಬರುತ್ತದೆ. ಆಮೇಲೆ ಕೆಮ್ಮಣ್ಣಿನ ಬಣ್ಣದ್ದು ಬರಬಹುದು, ಹೆದರಬೇಡಿ. ಕ್ಲೋರಿನ್ ಪೈಪಿನ ಲೋಳೆ ಕಿತ್ತಾಗ ಹಾಗೆ ಬರುತ್ತದೆ. ಬ್ಲೀಚಿಂಗ್ ವಾಸನೆ ಗಾಢವಾಗಿ ಬಂದ ಮೇಲೆ ಆ ನಳ ಮುಚ್ಚಿ, ಮುಂದಿನದಕ್ಕೆ ಹೋಗಿ. ವಾಸನೆ ಬಾರದ ನಳ ಇದ್ದರೆ ಅದು ತೊಳೆದಿಲ್ಲ ಎಂದೇ ತಿಳಿಯಿರಿ. ಯಾರೂ ಬಳಸದ ನಳಗಳೇ ಹೆಚ್ಚು ಹೊಲಸು: ಹಿತ್ತಲಿನದು, ಅತಿಥಿಗಳ ಬಚ್ಚಲಿನದು, ಟಾಯ್ಲೆಟ್ ಜೆಟ್ ಸ್ಪ್ರೇ. ಫ್ಲಶ್ ಕೂಡ ಒಂದು ಸಲ ಎಳೆಯಿರಿ. ತುದಿ ಮುಚ್ಚಿ ಬಿಟ್ಟ, ಎಲ್ಲಿಗೂ ಹೋಗದ ಹಳೇ ಪೈಪಿನ ತುಂಡು ಇದ್ದರೆ ಮುಂದೆ ಪ್ಲಂಬರ್ ಬಂದಾಗ ಕೊಯ್ಸಿಬಿಡಿ. ನಿಂತ ನೀರು ಅಲ್ಲಿ ಕೊಳೆತು ಉಳಿದ ಪೈಪಿಗೂ ಹರಡುತ್ತದೆ.

ಎಲ್ಲ ನಳಕ್ಕೂ ಅರಿವೆ ಕಟ್ಟಿ. ಮಕ್ಕಳು, ವಯಸ್ಸಾದವರು ರಾತ್ರಿ ಮರೆತು ಬಿಡದಿರಲಿ. ಕಡಿಮೆ ಎಂದರೂ ನಾಲ್ಕು ಗಂಟೆ ಹಾಗೇ ಬಿಡಬೇಕು. ನಾವು ಸಂಜೆ ಆರಕ್ಕೆ ಹಾಕಿ ಬೆಳಿಗ್ಗೆ ತೆಗೆಯುತ್ತೇವೆ. ಕಬ್ಬಿಣದ ಪೈಪು ಇದ್ದರೆ ಒಂದು ರಾತ್ರಿಗಿಂತ ಜಾಸ್ತಿ ಬೇಡ.

ಗೀಸರ್‌ಗೆ ಕ್ಲೋರಿನ್ ಬದಲು ಬಿಸಿಯನ್ನೇ ಬಳಸಿ. ಮರುದಿನ ಹೊಸ ನೀರಿನಿಂದ ಪೈಪು ತೊಳೆದ ಮೇಲೆ ವಾಲ್ವ್ ಬಿಟ್ಟು, ಒಳಗೆ ನೀರು ತುಂಬಿದೆ ಎಂದು ಖಚಿತಪಡಿಸಿಕೊಂಡು, 60 ಡಿಗ್ರಿಗಿಂತ ಮೇಲೆ ಇಟ್ಟು ಒಂದು ಗಂಟೆ ಕಾಯಿಸಿಡಿ. ಆಮೇಲೆ ಆ ಬಿಸಿನೀರನ್ನು ಶವರಿನ ತನಕ ಹರಿಸಿ. ಕೈ ಸುಟ್ಟುಕೊಳ್ಳಬೇಡಿ. ಸೋಲಾರ್ ಇದ್ದರೆ ಚೆನ್ನಾಗಿ ಬಿಸಿಲಿದ್ದ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಹೀಗೇ ಹರಿಸಿ.

ಮರುದಿನ: ಹೊಸ ನೀರು

ನೀರು ಬಂತು. ಮೊದಲಿನ 10 ನಿಮಿಷದ್ದು ಹೊರಗೆ. ಆಮೇಲೆ ಸಂಪಿಗೆ. ಟ್ಯಾಂಕಿನಲ್ಲಿ ಉಳಿದ ಕ್ಲೋರಿನ್ ನೀರನ್ನು ಡ್ರೈನಿನಿಂದ ಬಕೆಟ್ಟಿಗೆ ಹಿಡಿದು, ಅಂಗಳ, ಗಟಾರ ತೊಳೆಯಲು, ಟಾಯ್ಲೆಟ್ಟಿಗೆ ಬಳಸಿ. ತುಳಸಿ ಕಟ್ಟೆಗೆ, ಗಿಡಕ್ಕೆ, ಮೀನಿನ ತೊಟ್ಟಿಗೆ ಬೇಡ.

ಈಗ 200 ಲೀಟರ್ ಹೊಸ ನೀರು ಏರಿಸಿ, ಮತ್ತೆ ಒಂದೊಂದೇ ನಳ ಬಿಡಿ. ಗಾಢ ವಾಸನೆ ಹೋಗಿ, ನೀರು ತಿಳಿಯಾಗುವ ತನಕ ಹರಿಸಿ. ತೊಳೆದ ಜಾಲರಿಗಳನ್ನು ಈಗ ಹಾಕಿ, ಮೊದಲೇ ಹಾಕಿದರೆ ಕಿತ್ತು ಬಂದ ಚೂರುಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಆಮೇಲೆ ಟ್ಯಾಂಕ್ ತುಂಬಿಸಿ.

ಮುಂದಿನ ಆರು ತಿಂಗಳು

ನಳದ ನೀರಿನಲ್ಲಿ ಲೀಟರಿಗೆ ಕಡಿಮೆ ಎಂದರೂ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ನೀರು ಬಂದ ದಿನ ಅಷ್ಟು ಇರಬಹುದು. ನಾಲ್ಕನೇ ದಿನಕ್ಕೆ ಸಂಪಿನಲ್ಲಿ ಏನೂ ಉಳಿದಿರುವುದಿಲ್ಲ. ಹನಿ ಹಾಕಿದರೆ ಬಣ್ಣ ತೋರಿಸುವ ಕ್ಲೋರಿನ್ ಪರೀಕ್ಷೆಯ ಸಣ್ಣ ಕಿಟ್ ತಂದಿಡಿ. ಬಣ್ಣ ಬಾರದಿದ್ದರೆ ಸಂಪಿನ 1000 ಲೀಟರಿಗೆ 4 ಗ್ರಾಂ ಪುಡಿಯ ತಿಳಿ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ. ಸಂಪಿನಲ್ಲಿ ಎಷ್ಟು ನೀರಿದೆ ಎಂದು ತಿಳಿಯಲು ಉದ್ದ, ಅಗಲ, ನೀರಿನ ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿ. 6 ಅಡಿ, 5 ಅಡಿ, 5 ಅಡಿ ಇದ್ದರೆ 4200 ಲೀಟರ್.

ಬೋರ್‌ವೆಲ್ ನೀರು ಸೇರಿಸುವವರಿಗೆ ಒಂದು ಮಾತು. ಗದಗ, ಮುಂಡರಗಿ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಟ್ಯಾಂಕ್ ತೊಳೆದರೂ, ಕ್ಲೋರಿನ್ ಹಾಕಿದರೂ, ಕುದಿಸಿದರೂ ಅದು ಹೋಗುವುದಿಲ್ಲ. ಆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಯೇ ಕುಡಿಯಬೇಕು.

ಕೊನೆಯ ಪರೀಕ್ಷೆ

ತೊಳೆದದ್ದು ನಿಜವಾಗಿ ಫಲಿಸಿತೇ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಎಚ್‌2ಎಸ್ ಬಾಟಲಿ ಎಂಬ ಸಣ್ಣ ಪರೀಕ್ಷೆ ಇದೆ, ಹಳ್ಳಿಯ ನೀರು ಪರೀಕ್ಷೆಗೂ ಇದನ್ನೇ ಬಳಸುತ್ತಾರೆ. ತೊಳೆದ ನಾಲ್ಕೈದು ದಿನದ ಮೇಲೆ, ಕ್ಲೋರಿನ್ ಬಣ್ಣ ಬಾರದ ಹೊತ್ತಿನಲ್ಲಿ, ಪುಡಿ ಹಾಕುವ ಮೊದಲು ಮಾಡಿ. ಅಡುಗೆಮನೆಯ ನಳದಿಂದ ಗುರುತಿನ ತನಕ ನೀರು ಹಿಡಿದು, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಿ. ಕಪ್ಪಾದರೆ ನೀರಿನಲ್ಲಿ ಮಲದ ಅಂಶ ಸೇರಿರುವ ಸಾಧ್ಯತೆ ಇದೆ. ಆ ಬಾಟಲಿಗೆ ಬ್ಲೀಚಿಂಗ್ ತಿಳಿ ಸುರಿದು ಎಸೆದು, ನಳದ ಗುಂಡಿಯನ್ನೂ ಸಂಪಿನ ಬಿರುಕನ್ನೂ ಮತ್ತೆ ಹುಡುಕಿ. ಅಲ್ಲಿಯ ತನಕ ಕುದಿಸಿಯೇ ಕುಡಿಯಿರಿ.

ನಮ್ಮ ಬಾಟಲಿ ಮೊದಲ ಸಲ ಕಪ್ಪಾಗಿತ್ತು. ನಳದ ಗುಂಡಿಗೆ ಕಟ್ಟೆ ಕಟ್ಟಿಸಿ, ಪೈಪಿಗೆ ಮತ್ತೊಮ್ಮೆ ಕ್ಲೋರಿನ್ ಕೊಟ್ಟ ಮೇಲೆ ಎರಡನೇ ಬಾಟಲಿ ಎರಡು ದಿನ ಕಳೆದರೂ ಬಣ್ಣ ಬದಲಾಯಿಸಲಿಲ್ಲ. ಅವತ್ತು ಆರ್‌ಒ ಫಿಲ್ಟರಿನ ನಳ ತೆರೆದೆ.